ಅಂಜಿದ ಕೂಸು

ಸೂಜಿ ಹಾಕುವುದನ್ನು ತರಬೇತಿಯಲ್ಲಿ ಕಲಿಸುತ್ತಾರೆ. ತೂಕ ನೋಡುವುದನ್ನೂ ಕಲಿಸುತ್ತಾರೆ. ಮಂದಿ ಮನೆಯ ಬಾಗಿಲಲ್ಲಿ ನಿಂತು, ಒಳಗಿನಿಂದ ಬೈಗುಳ ಕೇಳಿಸುತ್ತಿದ್ದರೂ ನಗುನಗುತ್ತ "ಇವತ್ತ ಏನ್ ಅಡಿಗಿ ಮಾಡೀಯವ್ವ?" ಅಂತ ಕೇಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದನ್ನು ಕಲಿಯದವಳು ಹಳ್ಳಿಯ ನರ್ಸ್ ಆಗಲಾರಳು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ನನ್ನ ಮನೆಗೆ ಬರುತ್ತಾರೆ. ನಿವೃತ್ತಳಾದರೂ ಬಿಡುವುದಿಲ್ಲ. "ಬಾಯಾರ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ನಮ್ಮ ಕಡೆ ನರ್ಸಮ್ಮನನ್ನು ಬಾಯಿ, ಬಾಯಾರ ಅಂತಲೇ ಕರೆಯುವುದು. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದನ್ನು ಕೇಳಿ ಅವರಿಗೆ ಆಗಬೇಕಾದ್ದೇನು? ಅದಕ್ಕೇ ನಾನು ಒಂದು ಮಾತಿನ ಕಥೆ ಹೇಳುತ್ತೇನೆ. ಆ ಮಾತು "ಅಂಜ್ಯಾದ".

ನಾನು ಹುಟ್ಟಿದ್ದು ಯಾದಗಿರಿಯಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ಶಹಾಪುರ ತಾಲ್ಲೂಕಿನಲ್ಲಿ, ಕೊನೆಗೆ ಕೆಲವು ವರ್ಷ ಕೆಂಭಾವಿಯ ಕಡೆ. ಈ ಕಥೆ ನಡೆದ ಹಳ್ಳಿ ಗೋಗಿಯಿಂದ ಒಳಕ್ಕೆ, ಕಾಲುವೆಯ ಪಕ್ಕದಲ್ಲಿದೆ. ಆ ಮನೆಯವರು ಈಗಲೂ ಅಲ್ಲೇ ಇರುವುದರಿಂದ ಊರಿನ ಹೆಸರು ಬೇಡ.

ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು. ಮಂದಿ ಹಿಗ್ಗಿದ್ದರು, ಹಿಗ್ಗಲೇಬೇಕಾದ ಕಾಲ ಅದು. ಆದರೆ ನಾನು ನೋಡಿದ್ದು ಹೆಂಗಸರ ಬೆನ್ನು. ಮೊದಲು ಜೋಳದ ಹೊಲದಲ್ಲಿ ಕುಂತು ಕಳೆ ತೆಗೆಯುತ್ತಿದ್ದವರು ಈಗ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ದಿನವಿಡೀ ಬಾಗಿ ಸಸಿ ಹಚ್ಚುತ್ತಿದ್ದರು. ಬಸುರಿಯರೂ ಹಚ್ಚುತ್ತಿದ್ದರು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಮನೆಮನೆಗೂ ಚಳಿಜ್ವರ ಬಂತು. ನಮ್ಮ ಆರೋಗ್ಯ ಸೆಂಟರಿನ ಮುಂದೆ ಕಂಬಳಿ ಹೊದ್ದು ನಡುಗುತ್ತ ಕುಂತವರ ಸಾಲು ಬಿಸಿಲಲ್ಲೂ ಕರಗುತ್ತಿರಲಿಲ್ಲ.

ಆ ಹೊತ್ತಿಗೆ ನಮ್ಮ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಹೆಸರು ನಂಜುಂಡ, ಮೈಸೂರು ಕಡೆಯವರು. ತೆಳ್ಳಗೆ, ಬೆಳ್ಳಗೆ, ಮಾತು ಮೆಲ್ಲಗೆ. ನಮ್ಮ ಭಾಷೆ ಅವರಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಯಾರಾದರೂ ಎತ್ತರದ ದನಿಯಲ್ಲಿ "ಯಾಕ್ರಿ ಸಾಹೇಬ್ರ, ನಿನ್ನಿ ಬರ್ಲಿಲ್ಲ?" ಅಂದರೆ ಜಗಳಕ್ಕೆ ಬಂದರು ಅಂತ ಎದ್ದು ನಿಲ್ಲುತ್ತಿದ್ದರು. "ಕೂಡ್ರಿ ಸರ್, ಅದು ಪ್ರೀತಿ" ಅಂತ ನಾನು ಹೇಳಬೇಕಾಗುತ್ತಿತ್ತು.

ಅವರು ಬಂದ ಹೊಸದರಲ್ಲೇ ಸಂಗಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಹಳ್ಳಿಯಲ್ಲಿ ಅವಳ ಬಾಯಿಗೆ ಅಂಜದವರಿಲ್ಲ. ಗಂಡ ಸತ್ತ ಮೇಲೆ ಮಗ ಮರೆಪ್ಪನನ್ನು ಒಬ್ಬಳೇ ಸಾಕಿ, ಹೊಲ ಉಳಿಸಿಕೊಂಡವಳು. ಹಿಂದೆ ಸೊಸೆ ದೇವಮ್ಮ ನಿಂತಿದ್ದಳು. ಇನ್ನೂ ಚಿಕ್ಕ ಹುಡುಗಿ, ಕಡ್ಡಿಯಂತೆ ಇದ್ದಳು. ಏನು ಕೇಳಿದರೂ ಮೊದಲು ಅತ್ತೆಯ ಮುಖ ನೋಡುವಳು, ಆಮೇಲೆ ಉತ್ತರ ಕೊಡುವಳು. ಕೂಸಿಗೆ ಕೆಮ್ಮು, ಕಿವಿ ಸೋರುತ್ತಿತ್ತು, ಮೈಮೇಲೆ ಮಾಂಸವೇ ಇರಲಿಲ್ಲ.

"ಏನಾಗಿದೆಯಮ್ಮಾ ಮಗುಗೆ?" ಅಂದರು ಡಾಕ್ಟರು.

"ಕೂಸು ಅಂಜ್ಯಾದ್ರಿ ಸಾಹೇಬ್ರ" ಅಂದಳು ಸಂಗಮ್ಮ.

ಡಾಕ್ಟರು ಒಂದು ಕ್ಷಣ ಕೂಸನ್ನು ನೋಡಿದರು. "ಅಯ್ಯೋ, ಹೆದರ್ಕೊಂಡಿದೆಯಾ? ಕ್ಷಮಿಸಿ ಕ್ಷಮಿಸಿ" ಅನ್ನುತ್ತ ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ಜೇಬಿನಲ್ಲಿ ಬಚ್ಚಿಟ್ಟರು. ಆಮೇಲೆ ನೆಲಕ್ಕೆ ಕುಕ್ಕರುಗಾಲಲ್ಲಿ ಕುಂತು, ಕಪ್ಪೆಯ ದನಿ ಮಾಡಿ, "ಎಲ್ಲಿ, ಈಗ ಹೆದರಿಕೆ ಹೋಯ್ತಾ?" ಅಂದರು. ಸಂಗಮ್ಮ ಬಾಯಿ ತೆರೆದು ನಿಂತಳು. ಕಂಬಳಿ ಹೊದ್ದು ನಡುಗುತ್ತಿದ್ದವರೂ ನಕ್ಕರು. ನನಗಂತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

ನಮ್ಮ ಕಡೆ ಕೂಸು ಮೇಲಿಂದ ಮೇಲೆ ಜಡ್ಡು ಬಿದ್ದರೆ, ಸೊರಗಿದರೆ, ಹಾಲು ಬಿಟ್ಟರೆ "ಅಂಜ್ಯಾದ" ಅನ್ನುತ್ತಾರೆ. ಯಾವುದನ್ನೋ ಕಂಡು ಬೆಚ್ಚಿದೆ, ಆ ಅಂಜಿಕೆ ಒಳಗೆ ಕುಂತಿದೆ ಅಂತ ಅರ್ಥ. ಅದನ್ನು ತೆಗೆಸಲು ಆ ಊರಿನಲ್ಲಿ ಖಾಜಾಬಿ ಎಂಬ ಮುದುಕಿ ಇದ್ದಳು. ಕೂಸಿಗೆ ಪಟಿಕದ ಹರಳನ್ನು ಇಳಿ ತೆಗೆದು, ಅಂದರೆ ನಿವಾಳಿಸಿ, ಕೆಂಡದ ಮೇಲೆ ಇಡುವಳು. ಅದು ಉಬ್ಬಿ ಯಾವ ಆಕಾರ ತಾಳಿತೋ, ಕೂಸು ಅದಕ್ಕೇ ಅಂಜಿದೆ ಅಂತ ಲೆಕ್ಕ. ಕೋಣ, ಬೆಕ್ಕು, ಕುಡುಕ ಗಂಡಸು, ಎಲ್ಲವೂ ಆ ಪಟಿಕದಲ್ಲಿ ಕಾಣುತ್ತಿದ್ದವು. ಸಂಗಮ್ಮನ ಮೊಮ್ಮಗನಿಗೆ ನಾಯಿ ಕಂಡಿತ್ತು.

ಇದನ್ನೆಲ್ಲ ವಿವರಿಸಿದಾಗ ಬೇರೆ ಡಾಕ್ಟರಾಗಿದ್ದರೆ "ಮೂಢನಂಬಿಕೆ" ಅಂತ ರೇಗುತ್ತಿದ್ದರು. ನಂಜುಂಡ ಡಾಕ್ಟರು ತಮ್ಮ ಪೆದ್ದುತನಕ್ಕೆ ತಾವೇ ನಕ್ಕರು. ಆದರೂ ಅಂದಿನಿಂದ ಎಳೆ ಮಕ್ಕಳನ್ನು ನೋಡುವಾಗ ಕೋಟು ಬಿಚ್ಚುವುದನ್ನು ಮಾತ್ರ ಬಿಡಲಿಲ್ಲ. "ಇರಲಿ ಸಿಸ್ಟರ್, ಮಕ್ಕಳು ಅಳೋದು ಕಡಿಮೆ ಆಗಿದೆ" ಅಂದರು. ಆಮೇಲೆ ಕಾಲುವೆಯ ದಂಡೆ ಹಿಡಿದು ನಡೆದು ಖಾಜಾಬಿಯ ಮನೆಗೇ ಹೋದರು. ಅವಳು ಕೊಟ್ಟ ಚಹಾ ಕುಡಿದು, "ಅಜ್ಜಿ, ನಿಮ್ಮ ಪಟಿಕ ನೀವು ಸುಡಿ. ಆದರೆ ಮೊದಲು ಮಗುವನ್ನ ನನ್ನ ಹತ್ರ ಕಳಿಸಿ" ಅಂದರು.

ಖಾಜಾಬಿ ನನ್ನ ಕಡೆ ತಿರುಗಿ, "ಕ್ಯಾ ಬಾತ್ ಕರ್ತಾ ಮಾ ಯೇ ಡಾಕ್ಟರ್, ಬಿಲ್ಕುಲ್ ಬೆಣ್ಣಿ!" ಅಂದಳು. ಎಂಥ ಮಾತಾಡುತ್ತಾನವ್ವ ಈ ಡಾಕ್ಟರು, ಬೆಣ್ಣೆಯೇ ಸರಿ ಅಂತ. ಅಂದಿನಿಂದ ಅವಳ ಬಾಗಿಲಿಗೆ ಬಂದವರಿಗೆಲ್ಲ ಒಂದೇ ಮಾತು: "ಪೈಲೇ ದವಾಖಾನಿ, ಬಾದ್ ಮೇ ಪಟಿಕ." ಮೊದಲು ಆಸ್ಪತ್ರೆ, ಆಮೇಲೆ ಪಟಿಕ. ನನ್ನ ಭಾಷಣಗಳಿಂದ ಆಗದ ಕೆಲಸ ಆ ಮುದುಕಿಯ ಒಂದು ಮಾತಿನಿಂದ ಆಯಿತು. ಲಸಿಕೆಗೆ ಹೆದರಿ ಕದ ಹಾಕಿಕೊಳ್ಳುತ್ತಿದ್ದ ಮನೆಗಳೂ ಕದ ತೆರೆದವು.

ಆದರೆ ಸಂಗಮ್ಮನ ಮೊಮ್ಮಗ ಉಳಿಯಲಿಲ್ಲ. ಒಂದು ಜಡ್ಡಿನಿಂದ ಎದ್ದರೆ ಮತ್ತೊಂದು ಹಿಡಿಯುತ್ತಿತ್ತು. ಭೇದಿ ನಿಂತರೆ ಜ್ವರ, ಜ್ವರ ಇಳಿದರೆ ಕೆಮ್ಮು. ಹಲ್ಲು ಮೂಡುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿತು. ಶಹಾಪುರಕ್ಕೆ ಕರೆದೊಯ್ದೆವು, ಅಲ್ಲಿಯ ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ದೇವಮ್ಮ ಅಳಲಿಲ್ಲ. ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಂತೇ ಇದ್ದಳು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮರುದಿನ ಡಾಕ್ಟರು ನನ್ನನ್ನು ಕೇಳಿದರು. "ಸಿಸ್ಟರ್, ಮಗು ಅಂಜಿದೆ, ಮಗು ಅಂಜಿದೆ ಅಂದರಲ್ಲ. ಆ ಮನೇಲಿ ನಿಜವಾಗಿ ಅಂಜಿದ್ದವರು ಯಾರು?"

ನನಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ದೇವಮ್ಮ ಬಸುರಿ ಇದ್ದಾಗ ತಿಂಗಳು ತುಂಬುವತನಕ ಭತ್ತದ ಗದ್ದೆಯಲ್ಲಿ ಸಸಿ ಹಚ್ಚಿದಳು. ನಡುವೆ ಚಳಿಜ್ವರ ಬಂದು ಮಲಗಿದಳು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವಳು. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಅಂತ ಬೇರೆ ನಂಬಿಕೆ. ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮಾತು. ರೊಟ್ಟಿ ಸೀದರೂ, ಕೊಡ ಜಾರಿದರೂ, "ನಿಮ್ಮಪ್ಪನ ಮನಿಗಿ ನಡಿ, ನನ್ನ ಮಗನಿಗಿ ಬ್ಯಾರೆದಾಕಿನ್ನ ತರ್ತೀನಿ" ಅನ್ನುವುದು. ತವರಿನಲ್ಲಿ ಅವಳಿಗೆ ಇದ್ದವನು ಒಬ್ಬ ಅಣ್ಣ, ಅವನ ಮನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಮರೆಪ್ಪ ಕೆಟ್ಟವನಲ್ಲ, ಆದರೆ ಅವ್ವನ ಮುಂದೆ ತುಟಿ ಬಿಚ್ಚುವವನಲ್ಲ. ಕಾಲುವೆ ನೀರಿನ ಪಾಳಿ ಬಂದಿದೆ ಅಂತ ಹೇಳಿ ಹೊಲಕ್ಕೆ ಹೋಗಿಬಿಡುವನು.

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. "ರೋಗದ ಜೊತೆ ಕಾದಾಡೋ ಶಕ್ತಿ ಮಗುಗೆ ತಾಯಿ ಹೊಟ್ಟೇಲೇ ಸಿದ್ಧ ಆಗೋಕೆ ಶುರುವಾಗುತ್ತೆ ಸಿಸ್ಟರ್. ತಾಯಿಗೆ ಊಟ ಸಾಲದು, ರಕ್ತ ಕಡಿಮೆ, ಜ್ವರ, ಒಲೆ ಹೊಗೆ, ಅದರ ಮೇಲೆ ದಿನಾ ಭಯ. ಭಯ ಅನ್ನೋದು ಬರೀ ಮನಸ್ಸಲ್ಲಿ ಇರಲ್ಲ, ಮೈಯೊಳಗೂ ಇಳಿಯುತ್ತೆ. ಮಗು ಸಣ್ಣದಾಗಿ ಹುಟ್ಟಬಹುದು, ಬೇಗ ಜಡ್ಡು ಬೀಳಬಹುದು. ಹುಟ್ಟಿದ ಮೇಲೂ ಮನೆಯಲ್ಲಿ ಅದೇ ಭಯ ಇದ್ದರೆ ಅದೂ ಸೇರಿಕೊಳ್ಳುತ್ತೆ."

"ಹಂಗಾದ್ರ ಕೂಸು ಹೋಗಿದ್ದು ಅಂಜಿಕಿಲಿಂದೇ ಅಂತೀರೇನ್ರಿ?" ಅಂದೆ.

"ಹಾಗಂತ ಮಾತ್ರ ಎಲ್ಲೂ ಹೇಳಬೇಡಿ" ಅಂದರು. ಮೆಲುದನಿಯ ಮನುಷ್ಯ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಅವತ್ತೇ. "ಅದೊಂದರಿಂದಲೇ ಅಂತ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನೀನು ಹೆದರಿದ್ದಕ್ಕೇ ಮಗು ಹೋಯ್ತು ಅಂತ ಆ ಹುಡುಗಿಗೆ ಹೇಳಿದರೆ, ಇನ್ನೊಂದು ಕಲ್ಲು ಅವಳ ತಲೆ ಮೇಲೆ ಹೊರಿಸಿದ ಹಾಗೆ. ಹೆದರಿದವಳ ತಪ್ಪಲ್ಲ ಅದು. ಹೆದರಿಸಿದ್ದನ್ನ ನಾವು ತೆಗೀಬೇಕು."

ಹುಡುಗಿಯರೇ, ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಇದನ್ನು ತಿಳಿಯದ ಮೇಲಧಿಕಾರಿಗಳೂ ಇದ್ದರು. ನಮ್ಮ ಮೇಲ್ವಿಚಾರಕಿ ಒಬ್ಬರು, ಒಳ್ಳೆಯವರೇ, ಭಾಷಣದ ಹುಚ್ಚು ಸ್ವಲ್ಪ ಜಾಸ್ತಿ. ಡಾಕ್ಟರ ಮಾತು ಅರ್ಧ ಕೇಳಿಸಿಕೊಂಡು ಹಳ್ಳಿಗೆ ಬಂದು ಬಸುರಿಯರನ್ನೆಲ್ಲ ಕೂಡಿಸಿದರು. "ಗರ್ಭಿಣಿಯರು ಚಿಂತೆ ಮಾಡಲೇಬಾರದು! ಚಿಂತೆ ಮಾಡಿದರೆ ಮಗುವಿಗೆ ರೋಗ!" ಅಂತ ಬೆರಳು ಎತ್ತಿ ಎತ್ತಿ ಹೇಳಿದರು. ಅವರು ಜೀಪು ಹತ್ತಿ ಹೋದ ಮೇಲೆ ಒಬ್ಬಳು ಬಸುರಿ ನನ್ನ ಕೈ ಹಿಡಿದಳು. "ಇಷ್ಟ ದಿನ ಮನಿ ಚಿಂತಿ ಇತ್ತರಿ ಬಾಯಿ. ಈಗ ಚಿಂತಿ ಮಾಡಾಕತ್ತೇನಲ್ಲ ಅನ್ನೋದೇ ಒಂದ ಚಿಂತಿ ಹತ್ತ್ಯಾದ" ಅಂದಳು.

ಡಾಕ್ಟರು ಹಾಗೆ ಮಾಡಲಿಲ್ಲ. ಬಸುರಿಯರ ತಪಾಸಣೆಯಲ್ಲಿ ಒಂದು ಪ್ರಶ್ನೆ ಸೇರಿಸಿದರು, ಅಷ್ಟೇ. ಕಾರ್ಡಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ರಕ್ತ ನೋಡಿ, ತೂಕ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿದ ಮೇಲೆ, ಜತೆಗೆ ಬಂದವರನ್ನೆಲ್ಲ ಹೊರಗೆ ಕೂಡಿಸಿ ನನ್ನಿಂದ ಕೇಳಿಸುತ್ತಿದ್ದರು: "ಯಾತಕ್ಕ ಅಂಜಾಕತ್ತೀಯವ್ವ?" ಅಷ್ಟು ಕೇಳಿದರೆ ಸಾಕು, ಒಬ್ಬೊಬ್ಬರ ಬಾಯಿಂದ ಏನೇನು ಬರುತ್ತಿತ್ತು! ಕುಡಿದು ಬರುವ ಗಂಡ, ಕೆಸರಿನಲ್ಲಿಯ ಹಾವು, ಹಿಂದಿನ ಹೆರಿಗೆಯ ನೋವು. ಒಬ್ಬಳಂತೂ ನನ್ನ ಸೂಜಿಗೇ ಅಂಜುತ್ತಿದ್ದಳು. ಕೆಲವಕ್ಕೆ ಮದ್ದಿತ್ತು, ಕೆಲವಕ್ಕೆ ಇರಲಿಲ್ಲ. ಆದರೆ ಹೇಳಿಕೊಂಡವಳು ಹೋಗುವಾಗ ಬಂದದ್ದಕ್ಕಿಂತ ಹಗುರಾಗಿ ನಡೆಯುತ್ತಿದ್ದಳು. ಸರಕಾರಿ ಕೆಲಸದಲ್ಲಿ ನಾನು ಬಹಳ ಹೊಸ ಪದ್ಧತಿಗಳನ್ನು ಕಂಡಿದ್ದೇನೆ. ಇದರಷ್ಟು ದೊಡ್ಡದನ್ನು ಕಾಣಲಿಲ್ಲ.

ದೇವಮ್ಮ ಮತ್ತೆ ಬಸುರಿಯಾದಳು. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ನಾನು ಕಂಡುಹಿಡಿದದ್ದು ಗೋಡೆ ನೋಡಿ. ಅವರ ಹಿತ್ತಲ ಗೋಡೆಯ ಮಣ್ಣು ಒಂದು ಕಡೆ ಕೆರೆದಂತಾಗಿತ್ತು. ನೀರು ಚಿಮುಕಿಸಿ, ಹಸಿ ವಾಸನೆ ಬಂದ ಮೇಲೆ ಕೆರೆದು ತಿನ್ನುತ್ತಿದ್ದಳು. ಮೈಯಲ್ಲಿ ರಕ್ತ ಕಡಿಮೆಯಾದವರಿಗೆ ಹೀಗೆ ಮಣ್ಣಿನ ಆಸೆ ಹುಟ್ಟುವುದುಂಟು.

"ಎಷ್ಟ ತಿಂಗಳವ್ವ?" ಅಂದೆ. ಅವಳು ಅಭ್ಯಾಸದಂತೆ ಅತ್ತೆಯ ಮುಖಕ್ಕಾಗಿ ಸುತ್ತ ನೋಡಿದಳು. ಸಂಗಮ್ಮ ಮನೆಯಲ್ಲಿರಲಿಲ್ಲ.

"ಹೇಳಬ್ಯಾಡ್ರಿ ಬಾಯಿ, ನಿಮ್ಮ ಕಾಲಿಗಿ ಬೀಳ್ತೀನಿ" ಅಂತ ಅತ್ತೇಬಿಟ್ಟಳು. "ಇದೂ ಹೋದ್ರ ನನ್ನ ಹೊರಗ ಹಾಕ್ತಾರ. ನಾ ಎಲ್ಲಿ ಹೋಗ್ಲಿ? ಗೊತ್ತಾಗದಂಗೇ ಹೋದ್ರ, ಇರಲೇ ಇಲ್ಲ ಅಂತರೆ ಆಗ್ತದ."

ಕೂಸು ಉಳಿಯುತ್ತದೋ ಇಲ್ಲವೋ ಅನ್ನುವುದು ಒಂದು ಅಂಜಿಕೆ. ಉಳಿಯದಿದ್ದರೆ ತಾಯಿಯೂ ಆ ಮನೆಯಲ್ಲಿ ಉಳಿಯುವುದಿಲ್ಲ ಅನ್ನುವುದು ಇನ್ನೊಂದು. ಎರಡೂ ಆ ಹಿತ್ತಲಿನಲ್ಲಿ ನನ್ನ ಮುಂದೆ ನಿಂತಿದ್ದವು. ನಾನು ಸಿಟ್ಟಿನಿಂದ ಕುದಿಯುತ್ತ ಡಾಕ್ಟರ ಹತ್ತಿರ ಹೋದೆ. "ಆ ಸಂಗಮ್ಮನ್ನ ಕರಸ್ರಿ ಸರ್, ನಾಕ ಮಂದಿ ಮುಂದ ಬೈದು ಕಳಸ್ತೀನಿ" ಅಂದೆ.

"ಕರೆಸಿ. ಬೈಯೋದು ಬೇಡ" ಅಂದರು.

ಸಂಗಮ್ಮ ಬಂದಳು, ಸೆರಗು ಸಿಕ್ಕಿಸಿಕೊಂಡು, ಜಗಳಕ್ಕೆ ತಯಾರಾಗಿಯೇ ಬಂದಳು. ಡಾಕ್ಟರು ಕುರ್ಚಿ ಕೊಟ್ಟರು. ಅವಳು ಕುಂತ ಮೇಲೆ, ಅಷ್ಟು ದಿನ ನನ್ನ ಬಾಯಲ್ಲಿ ಕೇಳಿಸುತ್ತಿದ್ದ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ತಾವೇ ಕೇಳಿದರು, ಸ್ವಲ್ಪ ತಡವರಿಸುತ್ತ: "ಸಂಗಮ್ಮ, ನೀವು ಬಸುರಿ ಇದ್ದಾಗ ಯಾತಕ್ಕ ಅಂಜಿದ್ರಿ?"

ಆ ಹೆಣ್ಣುಮಗಳಿಗೆ ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ ಅನಿಸುತ್ತದೆ. ಸಿಕ್ಕಿಸಿದ್ದ ಸೆರಗು ಬಿಚ್ಚಿ ಕಣ್ಣಿಗೆ ಒತ್ತಿಕೊಂಡಳು. "ನಮ್ಮತ್ತಿಗ್ರಿ" ಅಂದಳು. "ಮರೆಪ್ಪಗಿಂತ ಮದಲ ಎರಡ ಹೋದ್ವು. ಮೂರನೇದ್ದು ಹೋದ್ರ ನಿನ್ನ ಹೊರಗ ಹಾಕ್ತೀನಿ ಅಂತಿದ್ಲು. ನಾ ದಿನಾ ಬಾಗಿಲ ಕಡಿ ನೋಡ್ಕೋತ ಕುಂದರ್ತಿದ್ದೆ, ಇವತ್ತ ಹಾಕ್ತಾಳೋ ನಾಳಿ ಹಾಕ್ತಾಳೋ ಅಂತ."

ಡಾಕ್ಟರು ದೇವಮ್ಮನ ಬಸುರಿನ ವಿಷಯ ಹೇಳಿದರು. ಯಾಕೆ ಮುಚ್ಚಿಟ್ಟಿದ್ದಾಳೆ ಅನ್ನುವುದನ್ನೂ ಹೇಳಿದರು. ಯಾರ ತಪ್ಪು ಅಂತ ಒಂದು ಮಾತೂ ಆಡಲಿಲ್ಲ. ಸಂಗಮ್ಮ ನೆಲ ನೋಡುತ್ತ ಕೇಳಿಸಿಕೊಂಡಳು. ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ನನ್ನ ಕಡೆ ತಿರುಗಿದಳು.

"ಬಾಯಿ, ಖಾಜಾಬಿ ಪಟಿಕ ಸುಟ್ಟಾಗ ನಾಯಿ ಕಂಡಿತ್ತಲ್ಲ."

"ಹೂಂ."

"ನಾಯಿ ಅಲ್ಲರಿ ಅದು. ನಾನು."

ಎಷ್ಟೋ ಓದಿದವರು ಆಡಲಾರದ ಮಾತನ್ನು ಆಡಿ ಅವಳು ಮನೆಗೆ ಹೋದಳು.

ಅಂದಿನಿಂದ ದೇವಮ್ಮ ಗದ್ದೆಗೆ ಹೋಗಲಿಲ್ಲ. ಕಬ್ಬಿಣದ ಗುಳಿಗೆ ನುಂಗಿದಳು, ಸೊಳ್ಳೆ ಪರದೆಯಲ್ಲಿ ಮಲಗಿದಳು. ಸಂಗಮ್ಮ ಒಲೆಯನ್ನು ಹೊರಗಿನ ಛಪ್ಪರಕ್ಕೆ ಹಾಕಿಸಿದಳು. ಸೊಸೆಯನ್ನು ಮೊದಲು ಕೂಡಿಸಿ ಬಿಸಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಶೇಂಗಾ ಚಟ್ನಿಪುಡಿಯ ಜತೆ ಮೊಸರು ಬಡಿಸಿದಳು. ಬೈಯುವುದನ್ನು ಪೂರ್ತಿ ಬಿಟ್ಟಳು ಅಂದುಕೊಳ್ಳಬೇಡಿ. "ಉಣ್ಣಲೇ ದೆವ್ವಿನಂಥಾಕಿ, ಕಡ್ಡಿ ಆಗೀದಿ" ಅಂತ ಬೈದೇ ಉಣಿಸುವಳು. ಆದರೂ ದೇವಮ್ಮನ ಕಣ್ಣಿನಲ್ಲಿ ಆ ಅಂಜಿಕೆ ಇದ್ದೇ ಇತ್ತು. ಇಂದು ಒಳ್ಳೆಯವಳಾದ ಅತ್ತೆ, ಕೂಸು ಹೋದರೆ ನಾಳೆ ಏನಾಗುತ್ತಾಳೋ ಅಂತ. ತುತ್ತು ಎತ್ತುವ ಮೊದಲು ಅತ್ತೆಯ ಮುಖ ನೋಡುವುದು ನಿಂತಿರಲಿಲ್ಲ.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಸುರಿಗೆ ಬೇಕಾದ್ದನ್ನು ಉಣಿಸುವ ಶುಭದ ದಿನ ಅದು. ದೇವಮ್ಮನ ಅಣ್ಣ ಅತ್ತಿಗೆ ಬಂದಿದ್ದರು. ಸಂಗಮ್ಮನ ಕಡೆಯ ನೆಂಟರು ಸುರಪುರದಿಂದ ಬಂದಿದ್ದರು. ಖಾಜಾಬಿ ಬಳೆ ತಂದಿದ್ದಳು. ಡಾಕ್ಟರು ಅಂಗಳದಲ್ಲಿ ಗಂಡಸರ ಸಾಲಿನಲ್ಲಿ ಕುಂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಆರತಿ ಎತ್ತುವ ಹೊತ್ತಿಗೆ ಸಂಗಮ್ಮ ಎಲ್ಲರ ನಡುವೆ ಬಂದು ನಿಂತಳು.

"ಎಲ್ರೂ ಕೇಳ್ರಿ. ನನ್ನ ಬಾಯಿ ಕೆಟ್ಟದ್ದು, ಊರಿಗೇ ಗೊತ್ತದ. ಆ ಬಾಯಿಲೇ ಹೇಳಾಕತ್ತೇನಿ. ಕೂಸು ಗಂಡಾಗ್ಲಿ ಹೆಣ್ಣಾಗ್ಲಿ, ಉಳೀಲಿ ಹೋಗ್ಲಿ, ದೇವಮ್ಮ ಈ ಮನಿ ಸೊಸಿ. ಈಕಿನ್ನ ಹೊರಗ ಹಾಕೋರು ಯಾರೂ ಇಲ್ಲ. ಮತ್ತೊಬ್ಬಾಕಿನ್ನ ತರೋ ಮಾತ ಯಾರರೆ ಆಡಿದ್ರ ಅವರಿಗಿ ಈ ಮನ್ಯಾಗ ನೀರೂ ಸಿಗಲ್ಲ."

ಹಾಡು ನಿಂತಿತು. ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡರು. ಕುಬಸದ ದಿನ "ಹೋಗ್ಲಿ" ಅನ್ನುವ ಮಾತು! ಸುರಪುರದ ಮುದುಕಿಯೊಬ್ಬಳು, "ಯವ್ವಾ ಯವ್ವಾ, ಆರತಿ ಮುಂದ ಹಂತಾ ಮಾತ ಆಡ್ತಾರೇನ? ಬಾಯಿ ತೊಳಕೋ ಹೋಗ" ಅಂದಳು.

"ಆಡಾಕೇ ಬೇಕು" ಅಂದಳು ಸಂಗಮ್ಮ. "ಯಾರೂ ಆಡದೇ ಇದ್ದಿದ್ದಕ್ಕೇ ನಾ ಅಂಜಿದ್ದು, ಈಕಿ ಅಂಜಿದ್ದು."

ದೇವಮ್ಮ ಬಳೆ ತುಂಬಿದ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಮೊದಲ ಕೂಸು ಹೋದಾಗ ಅಳದೆ ಉಳಿದದ್ದೂ ಅದರಲ್ಲಿ ಸೇರಿತ್ತು. ಮರೆಪ್ಪ ಮೂಲೆಯಲ್ಲಿ ನಿಂತು ರುಮಾಲಿನಿಂದ ಮೂಗು ಒರೆಸಿಕೊಂಡ. ಅತ್ತು ಮುಗಿದ ಮೇಲೆ ದೇವಮ್ಮ ಮೆಲ್ಲಗೆ, "ಅತ್ತಿ, ಇನ್ನೊಂದ ಹೋಳಿಗಿ ಕೊಡ್ತೀರೇನ್ರಿ?" ಅಂದಳು. ಕುಬಸಗಳಿಗೆ ನಾನು ಬಹಳ ಹೋಗಿದ್ದೇನೆ. ಅಷ್ಟು ಮಂಗಳದ ಕುಬಸ ಮತ್ತೊಂದನ್ನು ನೋಡಲಿಲ್ಲ.

ಹೆಣ್ಣು ಕೂಸು ಹುಟ್ಟಿತು, ದಿನ ತುಂಬಿ, ಮೈತುಂಬಿಕೊಂಡು. ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಆಗಿನ ರೂಢಿ. ಸಂಗಮ್ಮ ತಾನೇ ಕೂಸನ್ನು ಎದೆಗೆ ಹಿಡಿಸಿ, "ಇದರಾಗೇ ಶಕ್ತಿ ಇರ್ತದಂತ, ಡಾಕ್ಟರ್ ಹೇಳ್ಯಾರ" ಅಂತ ನೋಡಲು ಬಂದವರಿಗೆಲ್ಲ ಪಾಠ ಮಾಡಿದಳು. ಲಸಿಕೆಯ ದಿನ ನನಗಿಂತ ಮೊದಲೇ ಸೆಂಟರಿನ ಮುಂದೆ ಕುಂತಿರುತ್ತಿದ್ದಳು.

ಚಳಿಗಾಲ ಬಂತು. ಕಾಲುವೆಯ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಸೊಸೆ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುವುದು ಕಂಡಿತು. ಕೂಸು ಕೆಮ್ಮುತ್ತಿತ್ತು. ಮೊದಲನೆಯದೂ ಹೀಗೇ ಕೆಮ್ಮುತ್ತಲೇ ಬಂದಿತ್ತು, ಇದೇ ಬಾಗಿಲಿನಿಂದ, ಇದೇ ತೋಳಿನಲ್ಲಿ. ಡಾಕ್ಟರ ಮುಖ ಸ್ವಲ್ಪ ಬಿಳುಚಿದ್ದನ್ನು ನಾನು ನೋಡಿದೆ. ಅವರು ಎದ್ದು, ಎಂದಿನಂತೆ ಕೋಟಿನ ಗುಂಡಿ ಬಿಚ್ಚತೊಡಗಿದರು.

"ಕೋಟ ಇರ್ಲಿ ಸಾಹೇಬ್ರ" ಅಂದಳು ಸಂಗಮ್ಮ. "ಕೂಸು ಅಂಜಿಲ್ಲ. ನೆಗಡಿ ಆಗ್ಯಾದ."

ಡಾಕ್ಟರು ಕೂಸಿನ ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಮತ್ತೊಮ್ಮೆ ಇಟ್ಟು ಕೇಳಿದರು. ಆಮೇಲೆ ಕಿವಿಯಿಂದ ಅದನ್ನು ತೆಗೆದು, ಅಪ್ಪಟ ನಮ್ಮ ಮಾತಿನಲ್ಲಿ, "ಹೌದ್ರಿ ಸಂಗಮ್ಮ. ಬರೇ ನೆಗಡಿ ಅದ" ಅಂದರು.

ದೇವಮ್ಮ ನಕ್ಕಳು. ಅತ್ತೆಯ ಮುಖ ನೋಡದೆಯೇ ನಕ್ಕಳು.